ಬಾಗಿಲಿಗೆ ಬಂದು ಹೇಳುವವರು

ಒಂದು ಮನೆಯ ಕರೆಂಟು ತೆಗೆಯುವ ಮುನ್ನ ಆ ಮನೆಯ ಬಾಗಿಲಿಗೆ ಹೋಗಿ, ಚಪ್ಪಲಿ ಬಿಟ್ಟು, ಒಮ್ಮೆ ಕೆಮ್ಮಿ, ಅಪ್ಪಣೆ ಬೇಡುವವರಂತೆ ನಿಂತು ಹೇಳಿ ಬರುವ ಮನುಷ್ಯನನ್ನು ನೀವು ಕಂಡಿದ್ದೀರೋ ಇಲ್ಲವೋ. ಉಡುಮಲೈಪೇಟೆಯ ಅಂಚಿನಲ್ಲಿರುವ ಒಂದು ನೇಕಾರರ ಬೀದಿ ಕಂಡಿತ್ತು. ಹೆಸರು ದೊರೈಸಾಮಿ. ವಯಸ್ಸು ಅರವತ್ತರ ಹತ್ತಿರ, ಎಂಥ ಬೇಸಿಗೆಯಲ್ಲೂ ಮೈಯಿಂದ ಕಳಚದ ಖಾಕಿ ಕೋಟು, ನಡೆಯುವಾಗ ಎರಡೂ ಕೈ ಬೆನ್ನ ಹಿಂದೆ, ನೆಲಕ್ಕೆ ಎಲ್ಲಿ ನೋವಾದೀತೋ ಎಂಬಂಥ ಹಗುರವಾದ ಹೆಜ್ಜೆ. ಮಾತು ಯಾವುದಿದ್ದರೂ ಅದರ ಬಾಲಕ್ಕೆ “ತಪ್ಪಾ ನೆನಸಬೇಡ” ಎಂದು ಸೇರಿಸುವುದು ರೂಢಿ. ಟೀ ಅಂಗಡಿಯಲ್ಲಿ ಸಕ್ಕರೆ ಕಡಿಮೆ ಹಾಕೆನ್ನುವುದಕ್ಕೂ ಅವರಿಗೆ ಆ ಬಾಲ ಬೇಕಿತ್ತು. ಬೀದಿಯವರು ನಗುತ್ತಿದ್ದರು, ಪ್ರೀತಿಯಿಂದಲೇ.

ತಲೆಮಾರುಗಳ ಹಿಂದೆ ಮೈಸೂರು ಸೀಮೆಯಿಂದ ಇಳಿದು ಬಂದು, ಹೊಸ್ತಿಲೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು ಎಂದು ಬದುಕಿದ ಬೀದಿ ಅದು. ಎರಡು ಸಾವಿರದ ಎಂಟರ ಸುಮಾರಿಗೆ ಸರಕಾರದ ವಿದ್ಯುತ್ತು ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚಾದಾಗ, ನೇಕಾರರ ಸಂಘದವರು ಬೀದಿಯ ಕೊನೆಯಲ್ಲಿ ತಮ್ಮದೇ ಒಂದು ಪುಟ್ಟ ಸ್ಥಾವರ ಹಾಕಿಸಿಕೊಂಡರು. ಸುತ್ತಲ ತೆಂಗಿನ ತೋಟಗಳ ಕರಟವನ್ನು ಮುಚ್ಚಿದ ಉಕ್ಕಿನ ಒಲೆಯಲ್ಲಿ ಗಾಳಿ ಸಾಲದಂತೆ ಉರಿಸಿದರೆ ಅನಿಲ ಹುಟ್ಟುತ್ತದೆ; ಅದನ್ನು ಶುದ್ಧಿಮಾಡಿ ಎಂಜಿನ್ನಿಗೆ ಉಣಿಸಿದರೆ ಬೀದಿಯ ಮಗ್ಗಗಳಿಗೆ ಜೀವ ಬರುತ್ತದೆ. ದೊರೈಸಾಮಿ ಅದರ ಉಸ್ತುವಾರಿ. ಸಂಜೆ ಎಲ್ಲರ ಮಗ್ಗಗಳೂ ಒಟ್ಟಿಗೆ ಓಡತೊಡಗಿದರೆ ಎಂಜಿನ್ ಏದುಸಿರು ಬಿಡುತ್ತಿತ್ತು. ಆಗ ಯಾರದಾದರೂ ಒಂದು ಮನೆಯ ಸ್ವಿಚ್ಚು ಇಳಿಸದೆ ಗತ್ಯಂತರವಿರಲಿಲ್ಲ. ಯಾರದೆಂಬುದನ್ನು ಸಂಘ ಅವರ ವಿವೇಚನೆಗೆ ಬಿಟ್ಟಿತ್ತು.

ಕೊಯಮತ್ತೂರಿನ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದ ಚಿತ್ರದುರ್ಗದ ಹುಡುಗಿ ಶ್ರೇಯಾ ಒಮ್ಮೆ ಬಂದು ನೋಡಿ, ಎಂಜಿನ್ನಿನ ಮೇಲಿನ ಹೊರೆಯನ್ನು ತಾನೇ ಅಳೆದು, ಹೆಚ್ಚಾದಾಗ ಸರದಿಯ ಮೇಲೆ ಒಂದೊಂದೇ ಮನೆಯನ್ನು ಸ್ವಲ್ಪ ಹೊತ್ತು ಬಿಡಿಸುವ ಪೆಟ್ಟಿಗೆಯನ್ನು ಜೋಡಿಸಬಹುದೆಂದಳು. ಸಂಘ ಒಪ್ಪುವುದರಲ್ಲಿತ್ತು. ಸಭೆಗಳಲ್ಲಿ ಹಿಂದಿನ ಗೋಡೆಗೆ ಒರಗಿ ಕೂರುತ್ತಿದ್ದ ದೊರೈಸಾಮಿ ಅಂದು ಎದ್ದು ನಿಂತರು.

“ಅಮ್ಮಿಣಿ, ತಪ್ಪಾ ನೆನಸಬೇಡ. ನಿನ್ನ ಪೆಟ್ಟಿಗೆ ಬಾಗಿಲಿಗೆ ಬಂದು ಹೇಳುತ್ತಾ? ಒಬ್ಬರ ತರಿ ನಿಲ್ಸೋದು ಅಂದ್ರೆ ಉಣ್ಣೋರ ಮುಂದಿನ ಎಲೆ ಎಳೆದ ಹಾಗೆ.”

ತರಿ ಎಂದರೆ ಅವರ ಮಾತಿನಲ್ಲಿ ಮಗ್ಗ. ಸಭೆ ತಲೆದೂಗಿತು, ಪೆಟ್ಟಿಗೆಯ ಪ್ರಸ್ತಾಪ ಅಲ್ಲಿಗೆ ಬಿದ್ದುಹೋಯಿತು. ಅಂಥ ಮನುಷ್ಯ ಇರುವಾಗ ಪೆಟ್ಟಿಗೆ ಏಕೆ ಎಂದು ಯಾರಿಗಾದರೂ ಅನ್ನಿಸಬೇಕಾದ್ದೇ.

ಬೀದಿಯ ಆಚೆ ತುದಿಯ ಮಲ್ಲಿಗಾ ನಾಲ್ಕು ಮಗ್ಗ ಇಟ್ಟುಕೊಂಡು ಒಬ್ಬಳೇ ದುಡಿಯುತ್ತಿದ್ದಳು. ನೇಯಲು ನೂಲಿನ ಹಾಸು ಕೊಡುವ ಪಲ್ಲಡಂನ ವ್ಯಾಪಾರಿಗೆ ಹೇಳಿದ ದಿನಕ್ಕೆ ಬಟ್ಟೆ ಇಳಿಯಬೇಕು. ತಡವಾದರೆ ಹಾಸು ಬೇರೆಯವರ ಪಾಲು. ಒಂದು ಸಂಜೆ ದೊರೈಸಾಮಿ ಅವಳ ಬಾಗಿಲಲ್ಲಿ ನಿಂತು ಕೆಮ್ಮಿದರು.

“ತಂಗಚ್ಚಿ, ಇವತ್ತೂ ಕೊಂಚ ಹೊತ್ತು…”

“ಸರಿ ಅಣ್ಣಾ,” ಎಂದಳು ಮಲ್ಲಿಗಾ, ಕೈ ಒರೆಸಿಕೊಳ್ಳುತ್ತಾ. “ಇನ್ಮೇಲೆ ನಿಂಗೆ ಇಷ್ಟು ದೂರ ನಡೆಯೋ ಕಷ್ಟ ಕಮ್ಮಿ ಆಗುತ್ತೆ. ಎರಡು ತರಿ ಹಳೇ ಕಬ್ಬಿಣಕ್ಕೆ ಹಾಕ್ತಿದೀನಿ. ಬಟ್ಟೆ ತಡ ಆಗುತ್ತೆ ಅಂತ ಪಲ್ಲಡದೋರು ಪಾವು ಅರ್ಧ ಮಾಡ್ಬಿಟ್ರು.”

ಪಾವು ಎಂದರೆ ಆ ಹಾಸು. ಮಲ್ಲಿಗಾ ಮುಂದುವರಿಸಿದಳು. “ನೀ ಮರ್ಯಾದೆಯಾಗಿ ಬಂದು ಹೇಳ್ತೀಯ, ನಾ ಸರಿ ಅಂತೀನಿ. ಪಾಪಾತಿ ಅಕ್ಕನ ಬಾಗಿಲಿಗೆ ಒಂದು ದಿನಾನಾದ್ರೂ ಹೋಗಿದೀಯಾ ಅಣ್ಣಾ?”

ಅದರಲ್ಲಿ ಕೋಪವಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದಂತಿತ್ತು.

ಹೋಗಿರಲಿಲ್ಲ. ಎಂಜಿನ್ ಮನೆಗೆ ಕೂಗಳತೆಯಲ್ಲೇ ಇದ್ದ ಪಾಪಾತಿಗೆ ಎಂಟು ಮಗ್ಗಗಳಿದ್ದವು, ಬಾಯಿ ಅದಕ್ಕಿಂತ ದೊಡ್ಡದಿತ್ತು. ಮರುದಿನ ಸಂಜೆ ದೊರೈಸಾಮಿ ಮನಸ್ಸು ಗಟ್ಟಿಮಾಡಿಕೊಂಡು ಅವಳ ಬಾಗಿಲಿಗೆ ಹೋಗಿ ಕೆಮ್ಮಿದರು. “ಏನು ಬಂದೆ?” ಎಂದಳು ಪಾಪಾತಿ. “ಸುಮ್ನೆ,” ಎಂದರು ದೊರೈಸಾಮಿ. ಅವಳು ಕೊಟ್ಟ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು ಮರಳಿದರು. ಎಂಜಿನ್ ಅಷ್ಟರಲ್ಲಿ ಕುಸಿಯತೊಡಗಿತ್ತು. ಕೈ ತಾನಾಗಿ ಹೋಗಿ ಮಲ್ಲಿಗಾಳ ಮನೆಯ ಸ್ವಿಚ್ಚನ್ನು ಇಳಿಸಿತು. ಅಂದು ಮಾತ್ರ ಅವರು ಹೇಳಲು ಹೋಗಲಿಲ್ಲ. ಹೋದರೆ ಅವಳು ಮತ್ತೆ ಸರಿ ಎಂದುಬಿಡುತ್ತಾಳೆ. ಅದನ್ನು ಕೇಳಿಸಿಕೊಳ್ಳುವ ಧೈರ್ಯ ಅವರಿಗಿರಲಿಲ್ಲ. ಎಂಜಿನ್ನಿನ ಪಕ್ಕದಲ್ಲಿ ಕರಟದ ಮೂಟೆಯ ಮೇಲೆ ಕುಳಿತು, ಅವರು ತಮ್ಮ ಬಗ್ಗೆ ತಾವೇ ಹೇಸಿಕೊಂಡರು.

ಬೆಳಗಾದೊಡನೆ ಕೊಯಮತ್ತೂರಿನ ಬಸ್ಸು ಹತ್ತಿ ಶ್ರೇಯಾಳ ಆಫೀಸಿಗೆ ಹೋದರು.

“ಆ ಪೆಟ್ಟಿಗೆ ಹಾಕ್ಬಿಡು ಅಮ್ಮಿಣಿ. ಸಂಘದೋರಿಗೆ ನಾನೇ ಹೇಳ್ತೀನಿ.”

“ಬಾಗಿಲಿಗೆ ಹೋಗಿ ಹೇಳಬೇಕು ಅಂತಿದ್ರಲ್ಲ?” ಎಂದಳು ಶ್ರೇಯಾ.

“ಹೇಳ್ತಿದ್ದೆ. ಬೈಯದೋರ ಬಾಗಿಲಿಗೆ ಮಾತ್ರ.”

ಪೆಟ್ಟಿಗೆ ಬಂತು. ಮೊದಲ ವಾರವೇ ಸರದಿ ಪಾಪಾತಿಯ ಮನೆಗೆ ತಗುಲಿ ಎಂಟೂ ಮಗ್ಗಗಳು ನಿಂತವು. ಅವಳು ಎಂಜಿನ್ ಮನೆಗೆ ಬಂದು, ಕನ್ನಡ ಸಾಲದೆ ತಮಿಳಿನಲ್ಲೂ, ಮನಸಾರೆ ಬೈದಳು. ದೊರೈಸಾಮಿ ಕೈ ಹಿಂದೆ ಕಟ್ಟಿಕೊಂಡು ಪೂರ್ತಿ ಕೇಳಿಸಿಕೊಂಡು, “ಇವತ್ತು ನಿನ್ನ ಮುರೆ ಪಾಪಾತಿ, ನಾಳೆ ಇನ್ನೊಬ್ಬರದು,” ಎಂದರು. ತಿಂಗಳೊಪ್ಪತ್ತಿನಲ್ಲಿ ಅವಳಿಗೂ ರೂಢಿಯಾಯಿತು. ಮಲ್ಲಿಗಾಳ ಎರಡು ಮಗ್ಗಗಳು ಅಷ್ಟರಲ್ಲಿ ಗುಜರಿಗೆ ಹೋಗಿಯಾಗಿತ್ತು, ಉಳಿದೆರಡು ಓಡಿದವು.

ದಾಕ್ಷಿಣ್ಯವನ್ನು ನಾವು ಸದ್ಗುಣಗಳ ಪಂಕ್ತಿಯಲ್ಲಿ ಕೂರಿಸಿ ಮಣೆ ಹಾಕಿದ್ದೇವೆ. ಯಾರ ಮನಸ್ಸನ್ನೂ ನೋಯಿಸದವರು ಎಂದು ಹೊಗಳಿಸಿಕೊಳ್ಳುವ ದೊರೈಸಾಮಿಗಳು ಪ್ರತಿ ಬೀದಿಯಲ್ಲಿ, ಪ್ರತಿ ಕಚೇರಿಯಲ್ಲಿ, ಬಹುಶಃ ಪ್ರತಿ ಮನೆಯಲ್ಲಿ ಇದ್ದಾರೆ. ತಮ್ಮ ಒಳ್ಳೆಯತನ ಯಾವ ಬಾಗಿಲಿನಲ್ಲಿ ನಿಲ್ಲುತ್ತದೆ, ಯಾವ ಬಾಗಿಲನ್ನು ಕಂಡು ತಲೆತಗ್ಗಿಸಿ ದಾಟಿಹೋಗುತ್ತದೆ ಎಂದು ಅವರಲ್ಲಿ ಹಿಂತಿರುಗಿ ನೋಡಿಕೊಂಡವರು ವಿರಳ. ಅವರ ಮೃದುತ್ವಕ್ಕೆ ಅವರಿಗಿಂತ ಮೃದುವಾದವರೊಬ್ಬರು ಎಲ್ಲೋ ಬೆಲೆ ತೆರುತ್ತಲೇ ಇರುತ್ತಾರೆ. ಮತ್ತು ಕೇಳಿದಾಗಲೆಲ್ಲ ಸರಿ ಎನ್ನುತ್ತಾರೆ.