ನಾನು ಕೈ ಎತ್ತಿದರೆ ಬೀದಿ ಸುಮ್ಮನಾಗುತ್ತದೆ

ಹಲ್ಲಿನ ಡಾಕ್ಟರಮ್ಮನ ದೊಡ್ಡ ಕಾರು ಮೂರನೇ ಸಲ ನಮ್ಮ ಗ್ಯಾರೇಜಿಗೆ ಬಂದ ದಿನ ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮೀಟರಿನ ಪಕ್ಕದಲ್ಲಿ ಅದೇ ಹಳದಿ ದೀಪ. ಮುಂದಿನ ಎಡಮೂಲೆ ಅದೇ ರೀತಿ ಕುಸಿದು, ಕಾರು ಒಂದು ಮೊಣಕಾಲು ಊರಿದ ಹಾಗೆ ನಿಂತಿತ್ತು.

“ಮೇಸ್ತ್ರಿ, ರಾತ್ರಿ ನೆಟ್ಟಗೇ ನಿಲ್ಸಿರ್ತೀನಿ, ಬೆಳಿಗ್ಗೆ ನೋಡಿದ್ರೆ ಹೀಗೆ,” ಎಂದರು ಡಾಕ್ಟರಮ್ಮ. “ಶೋರೂಮಿನೋರು ನಾಲ್ಕೂ ಕಡೆ ಗಾಳಿಚೀಲ ಬದಲಾಯಿಸ್ಬೇಕು ಅಂತಾರೆ. ನಾನು ನಿಮ್ಮ ಕಿವಿ ನಂಬ್ಕೊಂಡು ಬಂದಿರೋದು.”

ನನ್ನ ಕಿವಿ! ಮೂವತ್ತು ವರ್ಷದಿಂದ ಅದೇ ನನ್ನ ಬೋರ್ಡು. ನನ್ನ ಹೆಸರು ಕೇಳಿದರೆ ಈ ಬೀದಿಯಲ್ಲಿ ಯಾರೂ ಹೇಳಲಾರರು. ಕಿವಿ ಮೇಸ್ತ್ರಿ ಎಂದರೆ ಕೈಹಿಡಿದು ಕರೆತರುತ್ತಾರೆ. ಬೇರೆಯವರು ಯಂತ್ರ ಸಿಕ್ಕಿಸಿ ಪರದೆ ನೋಡುತ್ತಾರೆ, ನಾನು ಕೇಳುತ್ತೇನೆ. ನಾನು ಬಲಗೈ ಎತ್ತಿದೆನೆಂದರೆ ನನ್ನ ಭಾಮೈದ ರೇಡಿಯೋದ ಕಿವಿ ಹಿಂಡುತ್ತಾನೆ, ಎದುರಿನ ತಗಡಿನ ಅಂಗಡಿಯವನ ಸುತ್ತಿಗೆ ಗಾಳಿಯಲ್ಲೇ ನಿಲ್ಲುತ್ತದೆ, ಪಕ್ಕದ ಟೈಲರ್ ಕೂಡ ಮಿಷಿನ್ನಿನಿಂದ ಕಾಲು ತೆಗೆಯುತ್ತಾನೆ. ಯಾರೂ ಮಾಡಿದ ಕಾನೂನಲ್ಲ, ಹಾಗೆಯೇ ಬೆಳೆದು ಬಂದದ್ದು. ಕೆಲವು ಸಲ ಅಗತ್ಯವಿಲ್ಲದಿದ್ದರೂ ನಾನು ಕೈ ಎತ್ತಿದ್ದುಂಟು. ಸುಳ್ಳು ಹೇಳುವುದಿಲ್ಲ, ಆ ಮೌನ ನನಗೆ ಇಷ್ಟ.

ಈ ಕಾರಿಗೆ ಉಕ್ಕಿನ ಸ್ಪ್ರಿಂಗ್ ಇಲ್ಲ. ನಾಲ್ಕು ಮೂಲೆಯಲ್ಲಿ ನಾಲ್ಕು ರಬ್ಬರಿನ ಗಾಳಿಚೀಲಗಳು ಅದನ್ನು ಎತ್ತಿ ಹಿಡಿದಿರುತ್ತವೆ, ಒಂದು ಪಂಪು ಅವಕ್ಕೆ ಗಾಳಿ ತುಂಬುತ್ತದೆ. ಎಲ್ಲಿಯಾದರೂ ಸೋರಿದರೆ ಆ ಮೂಲೆ ಕುಸಿಯುತ್ತದೆ, ಪಂಪು ತುಂಬಿ ತುಂಬಿ ಸುಸ್ತಾಗುತ್ತದೆ, ದೀಪ ಹತ್ತುತ್ತದೆ. ಸೋರುವ ಗಾಳಿ ‘ಸುಯ್’ ಎನ್ನಲೇಬೇಕು. ಮೊದಲ ಸಲ ಕಾರು ಬಂದಾಗ ಚಕ್ರ ಬಿಚ್ಚಿ ಕಿವಿಯಿಟ್ಟೆ. ಏನೂ ಇಲ್ಲ. “ಇಲ್ಲ, ಸೋರ್ತಿಲ್ಲ,” ಎಂದು ತೀರ್ಪು ಕೊಟ್ಟು ಪಂಪು ಬದಲಾಯಿಸಿದೆ. ನಾಲ್ಕು ದಿನ ದೀಪ ಆರಿತ್ತು. ಎರಡನೇ ಸಲವೂ ಕಿವಿಗೆ ಏನೂ ಸಿಗಲಿಲ್ಲ. ಗಾಳಿ ಹಂಚುವ ವಾಲ್ವ್ ಬದಲಾಯಿಸಿದೆ. ಒಂದು ವಾರ.

ಆವಾಗಲೇ ಭಾಮೈದ ಮೆಲ್ಲಗೆ ಕೇಳಿದ್ದ. “ಭಾವ, ಒಂದ್ಸಲ ಸೋಪು ನೀರು ಹಾಕಿ ನೋಡೋಣ್ವಾ?”

“ಸೋಪು ಇಟ್ಟಿರೋದು ಕೈ ತೊಳ್ಕೊಳ್ಳೋಕೆ ಕಣೋ. ಅಷ್ಟು ಆಸೆ ಇದ್ರೆ ನಮ್ಮನೇಗೆ ಹೋಗು, ನಿಮ್ಮಕ್ಕ ಪಾತ್ರೆ ಗುಡ್ಡೆ ಹಾಕಿರ್ತಾಳೆ.”

ಅವನು ನಕ್ಕ. ಇಪ್ಪತ್ತೆರಡು ವರ್ಷದಿಂದ ನನ್ನ ಎಲ್ಲ ತಮಾಷೆಗೂ ಅವನು ನಕ್ಕಿದ್ದಾನೆ. ಹಾಗಾಗಿ ಅವೆಲ್ಲ ಒಳ್ಳೆಯ ತಮಾಷೆಗಳೇ ಎಂದು ನಾನು ತಿಳಿದಿದ್ದೆ.

ಈ ಮೂರನೇ ಸಲ ನಾನು ಕೈ ಎತ್ತಿದಾಗ ಬೀದಿ ಎಂದಿನಂತೆ ಸುಮ್ಮನಾಯಿತು. ಎಷ್ಟು ಹೊತ್ತು ಬಗ್ಗಿದ್ದೆನೋ, ಸೊಂಟ ಹಿಡಿದುಕೊಂಡಿತು. ಏನೂ ಇಲ್ಲ. ಕಾರಿನ ಆ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಭಾಮೈದ ನನ್ನ ಮುಖ ನೋಡಿ, ತಕ್ಷಣ ನೆಲ ನೋಡಿದ. ಡಾಕ್ಟರಮ್ಮನಿಗೆ ಸಂಜೆ ಬನ್ನಿ ಎಂದು ಹೇಳಿ ಕಳಿಸಿ, ಅವನನ್ನು ಊಟಕ್ಕೆ ಅಟ್ಟಿದೆ.

ಅವನು ತಿರುವು ದಾಟಿದ ಮೇಲೆ, ಕಳ್ಳತನ ಮಾಡುವವನಂತೆ ಆಚೀಚೆ ನೋಡಿ, ಡಬ್ಬಿಯಲ್ಲಿ ಸೋಪು ಕಲಸಿದೆ. ಬ್ರಷ್ಷಿನಿಂದ ಚೀಲಕ್ಕೆ ಸುತ್ತಲೂ ಬಳಿದೆ. ಚೀಲ ಗಟ್ಟಿಯಾಗಿತ್ತು. ಮೇಲೆ, ಗಾಳಿಯ ಪೈಪು ಚೀಲಕ್ಕೆ ಸೇರುವ ಬಾಯಿಯಲ್ಲಿ ಬ್ರಷ್ ಆಡಿಸಿದ್ದೇ ತಡ, ಗುಳ್ಳೆಗಳು ಎದ್ದವು. ಒಂದರ ಮೇಲೊಂದು, ಉಕ್ಕುವ ಹಾಲಿನ ಹಾಗೆ.

ನಾನು ಕಿವಿಯನ್ನು ಅಲ್ಲಿಗೇ ಒತ್ತಿದೆ. ತಣ್ಣನೆಯ ಗಾಳಿ ಕಿವಿಯೊಳಗೆ ಹೊಕ್ಕಿದ್ದು ಗೊತ್ತಾಯಿತು. ಸದ್ದು ಮಾತ್ರ ಇಲ್ಲ. ಎದುರಿನ ಸುತ್ತಿಗೆ ಕೇಳುತ್ತಿದೆ, ಬಸ್ಸಿನ ಹಾರ್ನ್ ಕೇಳುತ್ತಿದೆ, ಟೈಲರ್ ಯಾರನ್ನೋ ಬೈಯುವುದೂ ಕೇಳುತ್ತಿದೆ. ಕಿವಿಗೆ ಅಂಟಿಕೊಂಡೇ ಸೋರುತ್ತಿರುವ ಗಾಳಿ ಕೇಳುತ್ತಿಲ್ಲ. ಇನ್ನೊಂದು ಕಿವಿ ಇಟ್ಟೆ. ಅದೂ ಅಷ್ಟೇ. ಅಡುಗೆಮನೆಯ ನಲ್ಲಿ ರಾತ್ರಿಯೆಲ್ಲ ಸಣ್ಣಗೆ ಸುಯ್ ಎನ್ನುತ್ತದೆ ಎಂದು ಹೆಂಡತಿ ತಿಂಗಳಿನಿಂದ ಹೇಳುತ್ತಿದ್ದಳು. ಅವಳಿಗೆ ಗೊಣಗುವುದಕ್ಕೆ ಏನಾದರೊಂದು ಬೇಕು ಎಂದುಕೊಂಡಿದ್ದೆ. ನನಗೆ ಹೆದರಿಕೆಯಾಯಿತು. ನೆಲದ ಮೇಲೆ ಕೂತುಬಿಟ್ಟೆ.

ನನ್ನ ಊಟದ ಡಬ್ಬಿ ಹಿಡಿದು ಭಾಮೈದ ಹಿಂದೆ ನಿಂತಿದ್ದ. ಯಾವಾಗ ಬಂದನೋ.

“ನಿಂಗೆ ಕೇಳಿಸ್ತಿದ್ಯಾ?” ಎಂದೆ.

ಅವನು ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟ.

“ಬಾಯಿ ಬಿಡೋ.”

“ಕೇಳಿಸುತ್ತೆ ಭಾವ.”

“ಯಾವಾಗಿಂದ?”

“ಮೊದಲ್ನೇ ದಿನ ನೀವು ಕೈ ಎತ್ತಿದ್ರಲ್ಲ, ಎಲ್ಲಾ ಸುಮ್ನಾದಾಗ... ನಾನು ಕೂತಿದ್ದ ಕಡೆಗೇ ಕೇಳಿಸ್ತು.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ಮತ್ಯಾಕೋ ಬೊಗಳ್ಲಿಲ್ಲ? ಆ ಯಮ್ಮನ ಕಾರಿಗೆ ಬೇಡದೇ ಇರೋದೆಲ್ಲ ಹಾಕ್ಸಿದ್ದೀನಲ್ಲೋ!”

“ನೀವು ಇಲ್ಲ ಅಂದ್ರಲ್ಲ ಭಾವ,” ಎಂದ, ತಪ್ಪು ತನ್ನದೇ ಎಂಬಂತೆ. “ನೀವೇ ಇಲ್ಲ ಅಂದ್ಮೇಲೆ ನಾನು ಇದೆ ಅಂತ ಹೇಗೆ ಹೇಳ್ಲಿ? ನಂಗೇ ಏನೋ ಭ್ರಮೆ ಅಂದ್ಕೊಂಡೆ. ಆಮೇಲೆ ಭ್ರಮೆ ಅಲ್ಲ ಅಂತ ಗೊತ್ತಾಯ್ತು. ಆವಾಗಂತೂ ಹೇಳೋಕೇ ಆಗ್ಲಿಲ್ಲ.”

ಅವನ ಬಾಯಿ ಮುಚ್ಚಿಸಿದವನು ನಾನೇ, ಇಪ್ಪತ್ತೆರಡು ವರ್ಷ ಕಷ್ಟಪಟ್ಟು. ಹಳೆಯ ಪಂಪು ಮೂಲೆಯಲ್ಲಿ ಬಿದ್ದಿತ್ತು, ಅದರದು ಏನೂ ತಪ್ಪಿರಲಿಲ್ಲ.

ಕೆಲಸವೇನು, ಕಾಲು ಗಂಟೆಯದು. ಸವೆದ ಪೈಪಿನ ತುದಿ ಕತ್ತರಿಸಿ, ಹೊಸ ಬಾಯಿ ಹಾಕಿ, ಬಿಗಿ ಮಾಡಿದ್ದಾಯಿತು. ಎಲ್ಲವನ್ನೂ ಅವನೇ ಮಾಡಿದ. ಸ್ಪ್ಯಾನರ್ ಕೊಡುವ ಕೆಲಸ ನನ್ನದಾಯಿತು.

ಸಂಜೆ ಡಾಕ್ಟರಮ್ಮ ಬಂದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬೇಕೆಂದು ಎದ್ದು ನಿಂತೆ. ಅಷ್ಟರಲ್ಲಿ ಭಾಮೈದ ಮುಂದೆ ಬಿದ್ದ. “ಸಿಕ್ತು ಮೇಡಂ. ಪೈಪಿನ ಬಾಯಲ್ಲಿ ಸೋರ್ತಿತ್ತು. ಭಾವನೇ ಹಿಡಿದ್ರು.”

“ನಂಗೊತ್ತಿತ್ತು,” ಎಂದು ಆಕೆ ನನ್ನ ಕಡೆ ತಿರುಗಿ ನಕ್ಕರು. ನನ್ನ ಬಾಯಿಯಲ್ಲಿದ್ದ ಮಾತು ಅಲ್ಲೇ ಉಳಿಯಿತು. “ಮೇಸ್ತ್ರಿ, ನನ್ನೆದುರಿಗೇ ಇನ್ನೊಂದ್ಸಲ ಕೇಳ್ಬಿಡಿ. ನೀವು ಇಲ್ಲ ಅಂದ್ರೆ ನಂಗೆ ಧೈರ್ಯ.”

ಕೈ ತಾನಾಗಿ ಮೇಲೆ ಹೋಯಿತು. ಸುತ್ತಿಗೆ ನಿಂತಿತು. ಟೈಲರ್ ಕಾಲು ತೆಗೆದ. ಡಾಕ್ಟರಮ್ಮ ಉಸಿರು ಬಿಗಿಹಿಡಿದರು. ನನಗಾಗಿ ಇಡೀ ಬೀದಿ ಸುಮ್ಮನಾಗಿತ್ತು.

ನಾನು ಬಗ್ಗಿ ಕಿವಿಯಿಟ್ಟು, ಕಾರಿನ ಆ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತ ಭಾಮೈದನ ಮುಖ ನೋಡಿದೆ. ಅವನು ಕಣ್ಣು ಮುಚ್ಚಿ ಕೇಳಿದ. ಆಮೇಲೆ ಕಣ್ಣು ತೆರೆದು, ಯಾರಿಗೂ ಕಾಣದಂತೆ, ತಲೆಯನ್ನು ಒಂದಿಷ್ಟೇ ಅಡ್ಡಡ್ಡ ಆಡಿಸಿದ.

“ಇಲ್ಲ, ಸೋರ್ತಿಲ್ಲ,” ಎಂದೆ. ಮೊದಲ ದಿನವೂ ಇದೇ ದನಿಯಲ್ಲಿ ಹೇಳಿದ್ದೆ.