ನುಂಗಾಸುರನ ವಾದ

ಸ್ಮೃತಿ ಬರೆಯುವ ಚಿತ್ರಕಥೆಯ ನಾಯಕ ಗರುಡ ವಕೀಲ. ಕರಿ ಗೌನನ್ನೇ ರೆಕ್ಕೆ ಮಾಡಿಕೊಂಡು ಹಾರುತ್ತಾನೆ, ಬೇಕಾದರೆ ಲಾರಿ ಎತ್ತುತ್ತಾನೆ, ಆದರೆ ಖಳನನ್ನು ಸೋಲಿಸುವುದು ಮಾತ್ರ ಹೊನ್ನಾವರದ ಕೋರ್ಟಿನಲ್ಲಿ ನಿಂತು, ಬಾಯಿಂದ. ಈ ಸಲ ನುಂಗಾಸುರನೆಂಬ ಮಹಾಶಯ ಬಾಡ ಎಂಬ ಊರಿನ ಸಮುದ್ರವನ್ನು ಒಂದೇ ಗುಟುಕಿಗೆ ಕುಡಿದು, ಕಟಕಟೆಯಲ್ಲಿ ತೇಗುತ್ತ ನಿಂತಿದ್ದ. ಕೊನೆಯ ಪುಟ ಬಾಕಿ. ಸಂಜೆಯೊಳಗೆ ಅದು ಕುಮಟೆಯ ಮಕ್ಕಳ ಪತ್ರಿಕೆಗೆ ತಲುಪದಿದ್ದರೆ ಚಿತ್ರಕಥೆ ನಿಲ್ಲಿಸಿ ಆ ಜಾಗಕ್ಕೆ ಪದಬಂಧ ಹಾಕುತ್ತೇನೆಂದು ಸಂಪಾದಕಿ ಪೂರ್ಣಿಮಾ ಫೋನಿನಲ್ಲಿ ಹೇಳಿಯಾಗಿತ್ತು. ವಾದ ಬಿಟ್ಟು ಗುದ್ದಿಸಿ ಗೆಲ್ಲಿಸಿದರೂ ಅದೇ ಗತಿ. ಇಷ್ಟು ದಿನ ಸಾಕಿದ ಗರುಡನನ್ನು ಪದಬಂಧಕ್ಕೆ ಬಲಿ ಕೊಡಬೇಕಲ್ಲ ಎಂಬುದೇ ಸ್ಮೃತಿಯ ಸಂಕಟ.

ವಾದ ಹೊಳೆಯದೆ ಅವಳು ಕರ್ಕಿಗೆ, ಕಮಲಾಕರ ಮಾವನ ಮನೆಗೆ ಓಡಿದಳು. ತಪ್ಪಿದ್ದೇ ಅಲ್ಲಿ. ಮಾವ ತಾಳಮದ್ದಲೆಯ ಅರ್ಥಧಾರಿ. ವೇಷವಿಲ್ಲದೆ ಕೂತು, ಪುರಾಣದ ಪಾತ್ರವಾಗಿ ಮಾತಿನಲ್ಲೇ ಹೊಡೆದಾಡುವವನು. ಯಾವಾಗಲೂ ಸೋಲುವ ಕಡೆಯ ಪಾತ್ರವೇ ಅವನಿಗೆ, ಆದರೆ ಒಮ್ಮೆಯೂ ತಾನಾಗಿ ಸೋತವನಲ್ಲ. ಎದುರು ಕೂತ ದೇವರು ಬೆವರೊರೆಸಿಕೊಳ್ಳುವಾಗ ಹಾಡುವ ಭಾಗವತರೇ ಕನಿಕರಪಟ್ಟು ಮುಂದಿನ ಪದ ಎತ್ತಿ ಪ್ರಸಂಗ ಮುಗಿಸಬೇಕು. ಇಂಥವನ ಹತ್ತಿರ ನಾಯಕನಿಗೆ ಮಾತು ಕೇಳಲು ಯಾರಾದರೂ ಹೋಗುತ್ತಾರೆಯೇ?

“ನುಂಗಾಸುರ ನಾನು, ಗರುಡ ನೀನು,” ಎಂದ ಮಾವ, ಕತೆ ಪೂರಾ ಕೇಳುವ ಮೊದಲೇ ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ. “ಶುರು ಮಾಡು.”

“ಸಮುದ್ರ ಕದ್ದಿದ್ದು ತಪ್ಪು,” ಎಂದಳು ಸ್ಮೃತಿ.

“ಕದ್ದಿದ್ದು ಅಂದ್ರೆ ಅದು ಯಾರದ್ದೋ ಆಗಿರಬೇಕು. ಸಮುದ್ರಕ್ಕೆ ಪಹಣಿ ಇದ್ದಾ?”

“ಇಲ್ಲೆ.”

“ಹಂಗಾದ್ರೆ ಕೈಗೆ ಸಿಕ್ಕಿದವಂಗೆ ಆತು. ಬಾಡದವ್ರು ಬಲೆ ಹಾಕುವಾಗ ಯಾರ ಅಪ್ಪಣೆ ಕೇಳಿದ್ದು ಇದ್ದು? ಅವರು ಬುಟ್ಟಿ ತುಂಬಿದ್ರು, ನಾನು ಹೊಟ್ಟೆ ತುಂಬಿದೆ.”

ದಡದಲ್ಲಿ ಕೂತ ದೋಣಿಗಳನ್ನು ಹೇಳಿದಳು, ಹಸಿದ ಮನೆಗಳನ್ನು ಹೇಳಿದಳು. ಮಾವ ಎಲ್ಲವನ್ನೂ ಸಲೀಸಾಗಿ ಮಗುಚಿ ಹಾಕಿದ. ಬಿಸಿಲು ಅಂಗಳ ದಾಟಿತು.

“ಮಾವ, ಒಂದು ಸಲ ಸೋಲು. ಕತೆಗೆ ಬೇಕು.”

“ಬೇಕಾದ್ರೆ ಗರುಡ ಗೆಲ್ಲಲಿ. ನಾನೆಂತಕ್ಕೆ ಸೋಲಬೇಕು?”

ಅಷ್ಟರಲ್ಲಿ ಶ್ರೀಮತಿ ಅತ್ತೆ ಮಾವನ ಮುಂದೊಂದು, ಸ್ಮೃತಿಯ ಮುಂದೊಂದು ತಟ್ಟೆ ಇಟ್ಟು ಹೋದಳು. ತೆಳ್ಳಗಿನ, ಬೆಲ್ಲದ ಘಮದ ತೊಡದೇವು. ಸ್ಮೃತಿ ತನ್ನದನ್ನು ಸಿಟ್ಟಿನಲ್ಲೇ ಮುಗಿಸಿದಳು. ಮಾವನ ಬಾಯಿಗೆ ವಾದದಿಂದ ಪುರುಸೊತ್ತಿರಲಿಲ್ಲ. ನೋಡಿ ನೋಡಿ ಸಾಕಾಗಿ ಅವಳು ಅವನ ತಟ್ಟೆಯಿಂದಲೂ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡಳು.

“ಅದು ನಂದು,” ಎಂದ ಮಾವ, ನುಂಗಾಸುರನನ್ನು ಅರ್ಧಕ್ಕೆ ಬಿಟ್ಟು.

“ಪಹಣಿ ಇದ್ದಾ?”

“ಎಂತ ಪಹಣಿ? ನಂಗೆ ತಿನ್ನಲೆ ನಿನ್ನ ಅತ್ತೆ ಇಟ್ಟಿದ್ದು.”

ಸ್ಮೃತಿ ಅಗಿಯುವುದನ್ನು ನಿಲ್ಲಿಸಿದಳು.

“ಹಂಗಾದ್ರೆ ಪಹಣಿ ಬೇಡ. ಯಾರಿಗೆ ಇಟ್ಟಿದ್ದೋ ಅವರದ್ದು. ಸಮುದ್ರ ಮೀನಿಗೂ ಬಾಡದವ್ರಿಗೂ ಬದುಕಲೆ ಇಟ್ಟಿದ್ದು. ನಾನು ನುಂಗಿದ್ದು ತಪ್ಪಾದ್ರೆ ನುಂಗಾಸುರ ನುಂಗಿದ್ದೂ ತಪ್ಪು. ತಪ್ಪಲ್ಲ ಅಂದ್ರೆ ಈಗ ಹೇಳು, ಉಳಿದಿದ್ದನ್ನೂ ತಿಂತೆ.”

ಹೇಳಿದವಳೇ ತಟ್ಟೆಗೆ ಕೈ ಚಾಚಿದಳು. ಮಾವನ ಕೈ ಫಕ್ಕನೆ ಅಡ್ಡ ಬಂದು ತೊಡದೇವನ್ನು ಮುಚ್ಚಿಕೊಂಡಿತು.

ಬಾಯಿ ಒಪ್ಪುವ ಮೊದಲೇ ಕೈ ಒಪ್ಪಿಕೊಂಡಿತ್ತು. ಮಾವ ತನ್ನ ಕೈಯನ್ನೇ ನೋಡಿದ. ಆಮೇಲೆ ಹೊಟ್ಟೆ ಕುಲುಕಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಏನಾಯಿತೆಂದು ಅತ್ತೆ ಒಳಗಿಂದ ಬಂದು ಬಾಗಿಲಲ್ಲೇ ನಿಂತಳು.

“ಬರಿ ಕೂಸೆ,” ಎಂದ. “ಸೋತೆ.”

ಸ್ಮೃತಿ ಅಲ್ಲೇ ಜಗಲಿಯಲ್ಲಿ ಕೂತು, ಮಾವನ ನಗುಮುಖವನ್ನೇ ನೋಡುತ್ತ ಕೊನೆಯ ಪುಟ ಬರೆದಳು. ಸಮುದ್ರ ಭೋರೆಂದು ಬಾಡಕ್ಕೆ ಮರಳಿತು. ಪುಟವನ್ನು ಮೊಬೈಲಿನಲ್ಲೇ ಕಳಿಸಿದಳು. ಸ್ವಲ್ಪ ಹೊತ್ತಿಗೆ ಪೂರ್ಣಿಮಾಳ ಫೋನು ಬಂತು.

“ಪುಟ ಅಚ್ಚಿಗೆ ಹೋಯ್ತು. ಆದ್ರೆ ಸೋತ ರಾಕ್ಷಸ ಎಂತಕ್ಕೆ ಇಷ್ಟು ಖುಷಿಯಲ್ಲಿದ್ದಾನೆ?”

“ಮೊದಲ ಸಲ ಸೋತಿದ್ದು,” ಎಂದಳು ಸ್ಮೃತಿ, “ಅದಕ್ಕೆ.”