ಮಡಚಿದ ಅರ್ಜಿ

ಹೈಸ್ಕೂಲಿನ ಗುಮಾಸ್ತರ ಬೆರಳು ಶಾಯಿಪ್ಯಾಡನ್ನು ನನ್ನತ್ತ ತಳ್ಳುತ್ತಿದೆ, ಕೇಳುವುದೂ ಇಲ್ಲ, ನನ್ನ ಸೀರೆ ನೋಡಿಯೇ ತಿಳಿದುಕೊಂಡರು, ಹೆಬ್ಬೆಟ್ಟು ಒತ್ರಿ ತಾಯಿ, ಬ್ಯಾಗ ಆಗ್ತೈತೆ — ಅವತ್ತೂ ಅದನ್ನೇ ಒತ್ತಿದ್ದೆ, ದಾವಣಗೆರೆಯಲ್ಲಿ, ಕೆ.ಬಿ. ಬಡಾವಣೆಯ ಕಮಲಕ್ಕನ ಪಡಸಾಲೆಯಲ್ಲಿ, ನಮ್ಮ ಆನೆಕೊಂಡದಿಂದ ಅವರ ಮನೆಯ ಅಕ್ಕಿ ಆರಿಸಲು ಹೋದವಳನ್ನು ಬಾ ಕೂಡು ಅಂತ ಚಾಪೆಯ ಮೇಲೆ ಕೂರಿಸಿಕೊಂಡರು, ಮಂಗಳವಾರ ಮಂಗಳವಾರ ಸೇರುವ ಏಳೆಂಟು ಹೆಂಗಸರು, ಅವರದೊಂದು ಆಟ, ಹಾಳೆಯ ಮೇಲೆ ಒಂದು ಹನಿ ಶಾಯಿ ಬಿಡುವುದು, ಮಡಚಿ ಅಂಗೈಯಿಂದ ತೀಡುವುದು, ಬಿಚ್ಚಿದಾಗ ಏನು ಕಾಣುತ್ತದೋ ಅದಕ್ಕೊಂದು ಪ್ರಾಸ ಕಟ್ಟಿ ಕೆಳಗೆ ಬರೆಯುವುದು, ನನಗೇನು ಗೊತ್ತು, ಹಾಳೆ ಶಾಯಿ ಎರಡೂ ಮುಂದೆ ಬಂದರೆ ನಮ್ಮಂಥವರು ಮಾಡುವುದು ಒಂದೇ, ಹೆಬ್ಬೆಟ್ಟು ಅದ್ದಿ ಒತ್ತಿಬಿಟ್ಟೆ, ಅವರಲ್ಲೊಬ್ಬಳು ಪುಟ್ಟಕ್ಕ, ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಎದ್ದು ಓಡಿಹೋಗೋಣ ಅನ್ನಿಸಿತು — ಕಮಲಕ್ಕ ನಗಲಿಲ್ಲ, ಹಾಳೆ ಮಡಚಿ ಬಿಚ್ಚಿದರು, ಎರಡು ಹೆಬ್ಬೆಟ್ಟು, ಮುಖಾಮುಖಿ, ಏನ್ ಕಾಣ್ತೈತೆ ಹೇಳು ಕೊಟ್ರವ್ವ, ನನ್ನ ಬಾಯಿಗೆ ಅದೆಲ್ಲಿಂದ ಬಂತೋ, ಬೀಜ ಎರಡು, ಒಂದೇ ಕಾಯಿ, ಬಾಯಿ ಇದ್ದೂ ಮಾತಿಲ್ದ ತಾಯಿ, ಪುಟ್ಟಕ್ಕನೇ ಇನ್ನೊಂದ್ಸಲ ಹೇಳು ಅಂದಳು. ಪ್ರಾಸ ಕಟ್ಟಿದಾಕೇನೇ ಬರೀಬೇಕು, ಅದು ನಮ್ಮ ಪದ್ಧತಿ, ಅಂದರು ಕಮಲಕ್ಕ, ಮಂಗಳವಾರಕ್ಕೊಂದು ಅಕ್ಷರದಂತೆ ಕೈ ಹಿಡಿದು ತಿದ್ದಿಸಿದರು, ಒಂದು ದಿನವಾದರೂ ಸಿಡುಕಲಿಲ್ಲ, ಅವರ ಹೊಟ್ಟೆ ತಣ್ಣಗಿರಲಿ.

ಪೆನ್ನು ಕೊಡ್ರಿ ಅಂದೆ, ಗುಮಾಸ್ತರು ತಲೆಯೆತ್ತಿದರು, ಪಕ್ಕದಲ್ಲಿ ಮಗಳು ಮೈಲಮ್ಮ ಉಸಿರು ಬಿಗಿಹಿಡಿದಿದ್ದಾಳೆ, ಹರಿಹರದ ಈ ಹೈಸ್ಕೂಲಿಗೆ ಸೇರಲು ಇವತ್ತೇ ಕಡೇ ದಿನ, ಅಪ್ಪನಿಲ್ಲದ ಹುಡುಗಿ, ಸಹಿ ನನ್ನದೇ ಆಗಬೇಕು, ಹೆಬ್ಬೆಟ್ಟು ಒತ್ತಬ್ಯಾಡವ್ವ ಅಂತ ರೈಲಿನಲ್ಲಿ ಎಷ್ಟು ಸಲ ಅಂದಳೋ — ಕೊ, ನಿಧಾನ, ಟ್ರ, ವ್ವ, ಬಂತು, ಶಾಯಿ ಇನ್ನೂ ಆರಿಲ್ಲ, ಅಷ್ಟರಲ್ಲಿ ಪೆನ್ನಿಂದ ದಪ್ಪ ತೊಟ್ಟೊಂದು ಹೆಸರಿನ ಪಕ್ಕದಲ್ಲೇ ಬಿತ್ತು, ತೊಟ್ಟು ಬಿದ್ದರೆ ನನ್ನ ಕೈ ಏನು ಮಾಡಲು ಕಲಿತಿತ್ತೋ ಅದನ್ನೇ ಮಾಡಿತು, ಅರ್ಜಿಯನ್ನು ಮಡಚಿ ಅಂಗೈಯಿಂದ ತೀಡಿತು, ಏನ್ ಮಾಡಿದ್ರಿ ತಾಯಿ, ಗುಮಾಸ್ತರು ಎದ್ದೇಬಿಟ್ಟರು, ಮೈಲಮ್ಮನ ಕಣ್ಣಲ್ಲಿ ನೀರು, ಎಲ್ಲ ಕೆಡಿಸಿದೆನಲ್ಲ, ಬಿಚ್ಚಿದೆ, ಗುಮಾಸ್ತರು ಬಗ್ಗಿ ನೋಡಿದರು, ಮೀಸೆಯಡಿ ನಗು, ಹೆಸರು ಬರೀತೀರಲ್ಲ ನೀವು, ಇನ್ನೊಂದು ಫಾರಂ ಐತೆ, ಕೂಡ್ರಿ, ಶಾಯಿಪ್ಯಾಡನ್ನು ಮುಚ್ಚಿ ಮೇಜಿನ ಖಾನೆಯೊಳಗಿಟ್ಟರು — ಈ ಮಡಚಿದ ಅರ್ಜಿ ನನಗಿರಲಿ ಸಾರ್ ಅಂದೆ, ಮಂಗಳವಾರ ಕಮಲಕ್ಕನಿಗೆ ತೋರಿಸಬೇಕು, ಏನ್ ಕಾಣ್ತೈತೆ ಕೊಟ್ರವ್ವ ಅನ್ನುತ್ತಾರೆ, ಪ್ರಾಸ ಕಟ್ಟಬೇಕು, ಈಗ ಒಂದೂ ಬರುತ್ತಿಲ್ಲ, ಈ ಬದಿಗೆ ಕೊಟ್ರವ್ವ, ಆ ಬದಿಗೆ ತಿರುಗಿ ನಿಂತ ಕೊಟ್ರವ್ವ, ಎರಡು ಹೆಸರು, ಮುಖಾಮುಖಿ.